ಕಾಣೆಯಾದ ‘ಪ’: ರಜೆಯಲ್ಲೊಂದು ಜೈಲೋಫೋನ್ ರಿಪೇರಿ

ರಿಪೇರಿಗೆ ಬಂದ ವಸ್ತು: ಎಂಟು ಲೋಹದ ಪಟ್ಟಿಗಳ ಆಟಿಕೆ ಜೈಲೋಫೋನ್. ಸಮಸ್ಯೆ: ಪಟ್ಟಿ ಏಳೇ ಇವೆ. ಐದನೆಯದು, ಅಂದರೆ ‘ಪ’, ಕಾಣೆ. ‘ಗ’ ಇದೆ, ಆದರೆ ನಾದ ಇಲ್ಲ. ಬಡಿದರೆ ಮೊಂಡು ಸದ್ದೊಂದು ಬಂದು ಅಲ್ಲೇ ಸತ್ತುಹೋಗುತ್ತದೆ. ಪಟ್ಟಿಗಳ ಕೆಳಗಿದ್ದ ಫೆಲ್ಟ್ (ಮೆತ್ತನೆಯ ದಪ್ಪ ಬಟ್ಟೆ) ಮುಟ್ಟಿದರೆ ಪುಡಿ. ಬಡಿಯುವ ಕೋಲು ಎರಡಿದ್ದವು. ಒಂದು ಎಲ್ಲೋ ಹೋಗಿದೆ, ಇನ್ನೊಂದರ ತಲೆಯ ಮಣಿ ಸೀಳಿದೆ.

ವಸ್ತುವಿನ ಒಡತಿ ನನ್ನ ಮಗಳು, ಇನ್ನೂ ಐದು ತುಂಬಿಲ್ಲ. ‘ಪ’ ಇರಬೇಕಾದ ಕಡೆ ಕೋಲು ಬರೀ ಮರಕ್ಕೆ ಬೀಳುತ್ತದಲ್ಲ, ಅದೂ ಒಂದು ಸ್ವರ ಅಂತಲೇ ಅವಳ ಲೆಕ್ಕ. ಬಾಯಲ್ಲಿ ಹಾಡುವಾಗಲೂ ‘ಸ ರಿ ಗ ಮ ಟಕ್ ದ ನಿ ಸ’.

ಶರತ್ಕಾಲದ ರಜೆ ಶುರುವಾಗಿತ್ತು. ರಜೆ ಅವಳಿಗೆ, ನಮಗಿಬ್ಬರಿಗೂ ಇಲ್ಲ. ಸರದಿಯ ಮೇಲೆ ಒಬ್ಬರು ಲ್ಯಾಪ್‌ಟಾಪ್ ಮುಂದೆ, ಇನ್ನೊಬ್ಬರು ಮಗುವಿನ ಜೊತೆ. ಹೊರಗೆ ಮಳೆ, ಒದ್ದೆ ಎಲೆ, ಬೇಗ ಕವಿಯುವ ಕತ್ತಲು. ತಿಂಡಿ ಮುಗಿಯುವ ಮೊದಲೇ ‘ಈಗ ಏನ್ ಮಾಡೋದು?’ ಶುರು. ಇಂಥ ರಜೆಗೆ ಬೇಕಾದದ್ದು ತುಂಡು ತುಂಡಾಗಿ ಮಾಡಬಹುದಾದ ಕೆಲಸ. ಎಲ್ಲಿ ಬೇಕಾದರೂ ನಿಲ್ಲಿಸಿ, ಮತ್ತೆ ಅಲ್ಲಿಂದಲೇ ಹಿಡಿಯುವಂತಿರಬೇಕು. ಇನ್ನೊಂದು ಷರತ್ತೂ ನನಗಿತ್ತು. ಸರಿಯಾಯಿತೋ ಇಲ್ಲವೋ ಅಂತ ಅವಳಿಗೇ ಗೊತ್ತಾಗಬೇಕು. ಸ್ಕ್ರೂಡ್ರೈವರ್ ಕೈಗೆ ಕೊಟ್ಟು ‘ವಾ, ಎಷ್ಟು ಚೆನ್ನಾಗಿ ಮಾಡಿದೆ’ ಅಂತ ಸುಮ್ನೆ ಹೇಳಿದರೆ ಆ ವಯಸ್ಸಿನ ಮಕ್ಕಳಿಗೂ ತಿಳಿಯುತ್ತದೆ. ಇಲ್ಲಿ ಹಾಗಲ್ಲ. ಸ್ವರ ಸೇರಿತೋ ಇಲ್ಲವೋ ಅನ್ನುವುದನ್ನು ಕಿವಿ ಇರುವ ಯಾರು ಬೇಕಾದರೂ ಹೇಳಬಹುದು.

ಸೋಮವಾರ: ಹುಡುಕಾಟ

ಹೊಸದು ಮಾಡುವ ಮೊದಲು ಹಳೆಯದನ್ನು ಹುಡುಕುವುದು ಧರ್ಮ. ಟಾರ್ಚ್ ಅವಳ ಕೈಯಲ್ಲಿ, ಉದ್ದನೆಯ ಸ್ಕೇಲು ನನ್ನ ಕೈಯಲ್ಲಿ. ಸೋಫಾದ ಕೆಳಗೆ ಸಿಕ್ಕಿದ್ದು: ಒಂಟಿ ಕಾಲುಚೀಲ, ಪಜಲ್‌ನ ತುಂಡುಗಳು, ನನ್ನ ಒಂದು ಕಿವಿಯೋಲೆ, ಹೋದ ವರ್ಷದ್ದೇ ಇರಬೇಕು ಅನ್ನಿಸುವ ಒಣ ಎಲೆ. ‘ಪ’ ಸಿಗಲಿಲ್ಲ. ಬೆಳಗ್ಗೆ ಪೂರ್ತಿ ಹಿಡಿಯಿತು, ಮನೆಯೂ ಒಂದಿಷ್ಟು ಗುಡಿಸಿದಂತಾಯಿತು.

ಮಧ್ಯಾಹ್ನ ಅಳತೆ. ಪಟ್ಟಿಗಳನ್ನೆಲ್ಲ ಬಿಚ್ಚಿ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುವುದು ಅವಳ ಪಾಲು. ಕಾಗದದ ಮೇಲಿಟ್ಟು ಸುತ್ತಲೂ ಪೆನ್ಸಿಲ್ ಗೆರೆ ಎಳೆದಳು. ನಾನು ಸ್ಟೀಲ್ ಸ್ಕೇಲಿನಲ್ಲಿ ಅಳೆದು ಒಳಗೆ ಬರೆದೆ. ದಪ್ಪ ಎಲ್ಲದಕ್ಕೂ 2 ಮಿ.ಮೀ. ಅಗಲ 25. ಉದ್ದ ಮಾತ್ರ ಬೇರೆ ಬೇರೆ: ಕೆಳಗಿನ ಸ 100 ಮಿ.ಮೀ., ರಿ 94, ಗ 89, ಮ 86, ಪ ಖಾಲಿ, ದ 77, ನಿ 72.5, ಮೇಲಿನ ಸ 70.5.

ಈ ಪಟ್ಟಿಯನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂತರೆ ಮಜಾ ಇದೆ. ಮೇಲಿನ ‘ಸ’ ಅಂದರೆ ಸೆಕೆಂಡಿಗೆ ಕೆಳಗಿನ ‘ಸ’ದ ಎರಡು ಪಟ್ಟು ಕಂಪನ. ತಂತಿಯಾಗಿದ್ದರೆ ಉದ್ದ ಸರಿಯಾಗಿ ಅರ್ಧ ಆಗಬೇಕಿತ್ತು. ಇಲ್ಲಿ 100ಕ್ಕೆ 70.5 ಇದೆ. ಕಾರಣ, ಎರಡೂ ತುದಿ ಬಿಡಿಯಾಗಿ ಬಾಗಿ ಕಂಪಿಸುವ ಪಟ್ಟಿಯ ಲೆಕ್ಕವೇ ಬೇರೆ. ಕಂಪನ ಉದ್ದದ ವರ್ಗಕ್ಕೆ ವಿಲೋಮ. ಹಾಗಾಗಿ ಎರಡು ಪಟ್ಟು ಕಂಪನ ಬೇಕಾದರೆ ಉದ್ದವನ್ನು ಎರಡರ ವರ್ಗಮೂಲದಿಂದ ಭಾಗಿಸಬೇಕು. ಅದು 0.707 ಪಟ್ಟು. ಆಟಿಕೆಯವರು ಲೆಕ್ಕ ಸರಿಯಾಗಿಯೇ ಮಾಡಿದ್ದಾರೆ.

ದಪ್ಪ ಜಾಸ್ತಿಯಾದರೆ ಸ್ವರ ಅಷ್ಟೇ ಪಾಲು ಏರುತ್ತದೆ. ಅಗಲದಿಂದ ಸ್ವರ ಬದಲಾಗುವುದಿಲ್ಲ. ಅಗಲ ಎರಡರಷ್ಟಾದರೆ ಬಿಗಿಯೂ ಎರಡರಷ್ಟು, ತೂಕವೂ ಎರಡರಷ್ಟು. ಲಾಭ ನಷ್ಟ ಸರಿಸಮ.

ಕಾಣೆಯಾದ ‘ಪ’ದ ಉದ್ದ ಹೇಗೆ ತಿಳಿಯುವುದು? ಈ ಆಟಿಕೆಯ ಶ್ರುತಿಯಲ್ಲಿ ‘ಮ’ದಿಂದ ‘ಪ’ಕ್ಕೆ ಒಂದು ಪೂರ್ತಿ ಮೆಟ್ಟಿಲು (‘ಸ’ದಿಂದ ‘ರಿ’ಗೆ ಇರುವಷ್ಟೇ ಅಂತರ), ‘ಪ’ದಿಂದ ‘ದ’ಕ್ಕೂ ಒಂದು ಪೂರ್ತಿ ಮೆಟ್ಟಿಲು. ಅಂದರೆ ಪ ಸರಿಯಾಗಿ ನಡುವೆ ಇದೆ. 86 ಮತ್ತು 77 ಗುಣಿಸಿ ವರ್ಗಮೂಲ ತೆಗೆದರೆ 81.4 ಬರುತ್ತದೆ. ಸುಮ್ನೆ ಕೂಡಿಸಿ ಅರ್ಧ ಮಾಡಿದರೂ 81.5. ಆಟಿಕೆಗೆ ಅಷ್ಟು ಸಾಕು.

‘ಪ ಸಿಕ್ತಾ?’ ಅಂತ ಕೇಳಿದಳು. ಅಳತೆ ಸಿಕ್ಕಿದೆ ಅಂದೆ. ಒಪ್ಪಲಿಲ್ಲ.

ಮಂಗಳವಾರ: ಲೋಹ

ಮಂಗಳವಾರ ಅವಳಪ್ಪನಿಗೆ ಬೆಳಗ್ಗೆಯಿಡೀ ಮೀಟಿಂಗ್. ಕತ್ತರಿಸುವಂತಿಲ್ಲ, ಕೊರೆಯುವಂತಿಲ್ಲ, ಬಡಿಯುವಂತಂತೂ ಇಲ್ಲವೇ ಇಲ್ಲ. ಅಂದಿನಿಂದ ಕೆಲಸವನ್ನು ಎರಡು ಪಾಲು ಮಾಡಿದೆವು. ಸದ್ದಿನ ಕೆಲಸ, ಸದ್ದಿಲ್ಲದ ಕೆಲಸ. ಫ್ರಿಡ್ಜ್ ಬಾಗಿಲ ಮೇಲೆ ಚೀಟಿ ಅಂಟಿಸಿ, ಸದ್ದಿನ ಕೆಲಸಕ್ಕೆ ಡ್ರಿಲ್ ಚಿತ್ರ, ಸದ್ದಿಲ್ಲದ್ದಕ್ಕೆ ಮಲಗಿದ ಬೆಕ್ಕಿನ ಚಿತ್ರ ಬರೆದಳು. ಈ ವ್ಯವಸ್ಥೆ ರಜೆ ಪೂರ್ತಿ ನಡೆಯಿತು. ಮೀಟಿಂಗ್ ಮುಗಿದ ತಕ್ಷಣ ಬಾಗಿಲಲ್ಲಿ ನಿಂತು ‘ಈಗ ಡ್ರಿಲ್ಲಾ, ಬೆಕ್ಕಾ?’ ಅಂತ ಅಪ್ಪನನ್ನು ಕೇಳುವುದು ಅವಳ ಡ್ಯೂಟಿ.

ಬೆಕ್ಕಿನ ಕೆಲಸವಾಗಿ ಲೋಹ ಹುಡುಕಿದೆವು. ಹಳೆಯ ಶೆಲ್ಫಿಗೆ ಅಂಚು ಕಟ್ಟಿದ್ದ ಅಲ್ಯೂಮಿನಿಯಂ ಪಟ್ಟಿ ಒಂದಿತ್ತು. ದಪ್ಪ ಸರಿಯಾಗಿ 2 ಮಿ.ಮೀ., ಅಗಲ ಮಾತ್ರ 20. ಮೂಲ ಪಟ್ಟಿಗಳು ಉಕ್ಕಿನವು, ಆಯಸ್ಕಾಂತ ಹಿಡಿಯುತ್ತದೆ. ಉಕ್ಕಿನ ಬದಲು ಅಲ್ಯೂಮಿನಿಯಂ ಹಾಕಿದರೆ ಲೆಕ್ಕ ಎಲ್ಲ ಕೆಡುತ್ತದೆ ಅನ್ನಿಸುತ್ತದೆ ಅಲ್ವಾ? ಕೆಡುವುದಿಲ್ಲ. ಸ್ವರವನ್ನು ತೀರ್ಮಾನಿಸುವುದು ಲೋಹದೊಳಗೆ ಶಬ್ದ ಓಡುವ ವೇಗ. ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಪಾಲು ತೂಕ, ಬಿಗಿಯೂ ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಹಾಗಾಗಿ ಇಂಥ ಪಟ್ಟಿಯೊಳಗೆ ಶಬ್ದದ ವೇಗ ಎರಡರಲ್ಲೂ ಸೆಕೆಂಡಿಗೆ ಸುಮಾರು 5,000 ಮೀಟರ್. ಅದೇ ದಪ್ಪ, ಅದೇ ಉದ್ದ ಇದ್ದರೆ ಅದೇ ಸ್ವರ. ಹಿತ್ತಾಳೆಯಾಗಿದ್ದರೆ ಕಥೆ ಬೇರೆ. ಅದರಲ್ಲಿ ವೇಗ 3,500ರ ಆಸುಪಾಸು, ಪಟ್ಟಿಯನ್ನು ಇನ್ನೂ ಚಿಕ್ಕದಾಗಿ ಕತ್ತರಿಸಬೇಕಾಗುತ್ತಿತ್ತು.

‘ಇದು ಸಣಕಲು’ ಅಂದಳು ಅಗಲ ನೋಡಿ. ಸಣಕಲಾದರೂ ಧ್ವನಿ ಅದೇ ಇರುತ್ತದೆ ಅಂದೆ. ನೋಡೋಣ ಅನ್ನುವ ಮುಖ ಮಾಡಿದಳು.

ಸಂಜೆ ಡ್ರಿಲ್ ಚೀಟಿ ಬಿತ್ತು. 83 ಮಿ.ಮೀ.ಗೆ ಗುರುತು ಹಾಕಿದೆ. 81.4 ಬೇಕಿದ್ದಾಗ 83 ಯಾಕೆ ಅಂದರೆ, ತುದಿ ಉಜ್ಜಿದರೆ ಸ್ವರ ಏರುತ್ತದೆ, ಉಜ್ಜಿದ್ದನ್ನು ವಾಪಸ್ ಅಂಟಿಸಲಾಗುವುದಿಲ್ಲ. ಈ ಉದ್ದದಲ್ಲಿ ಸುಮಾರು 2.4 ಮಿ.ಮೀ. ಅಂದರೆ ಅರ್ಧ ಮೆಟ್ಟಿಲು. ಒಂದೂವರೆ ಮಿ.ಮೀ. ಉಳಿಸಿಕೊಂಡರೆ ಉಜ್ಜಲು ಬೇಕಾದಷ್ಟು ಅವಕಾಶ. ಹ್ಯಾಕ್ಸಾಗೆ ಇಂಚಿಗೆ 32 ಹಲ್ಲಿನ ಬ್ಲೇಡ್ ಹಾಕಿದೆ. ತೆಳು ಲೋಹಕ್ಕೆ ದೊಡ್ಡ ಹಲ್ಲು ಹಾಕಿದರೆ ಸಿಕ್ಕಿಕೊಂಡು ಎಗರುತ್ತದೆ. ಕತ್ತರಿಸುವಾಗ ಅವಳು ಕನ್ನಡಕ ಹಾಕಿಕೊಂಡು ಬಾಗಿಲ ಆಚೆ ನಿಂತು ಲೆಕ್ಕ ಹಾಕಿದಳು. ಇಪ್ಪತ್ತೊಂಬತ್ತು ಆದ ಮೇಲೆ ‘ಇಪ್ಪತ್ತಹತ್ತು’ ಬಂತು. ತಿದ್ದಲು ನನ್ನ ಬಾಯಿ ಬಿಡುವಾಗಿರಲಿಲ್ಲ, ತುದಿ ನಾಲಿಗೆ ಕಚ್ಚಿಕೊಂಡು ಕೊಯ್ಯುತ್ತಿದ್ದೆ.

ಕತ್ತರಿಸಿದ ಅಂಚು ಚಾಕುವಿನಷ್ಟೇ ಚೂಪು. ಮಗುವಿನ ಕೈಗೆ ಕೊಡುವ ಮೊದಲು ಸುತ್ತಲೂ ಅರ (ಲೋಹ ಉಜ್ಜುವ ಸಾಧನ) ಆಡಿಸಿ, ಆಮೇಲೆ 240ರ ಸ್ಯಾಂಡ್‌ಪೇಪರ್ ಹೊಡೆದೆ. ಇದೊಂದು ಕೆಲಸವನ್ನು ನಾಳೆಗೆ ಅಂತ ಬಿಡಬಾರದು.

ಬುಧವಾರ: ಉಪ್ಪು ಮಲಗುವ ಜಾಗ

ಇಡೀ ರಿಪೇರಿಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಪಟ್ಟಿ ಕಂಪಿಸುವಾಗ ನಡುಭಾಗ ಮೇಲೆ ಹೋದರೆ ತುದಿಗಳು ಕೆಳಗೆ ಹೋಗುತ್ತವೆ. ಆಮೇಲೆ ಉಲ್ಟಾ. ಈ ಎರಡರ ಮಧ್ಯೆ ಅಲುಗದೆ ಇರುವ ಗೆರೆಗಳು ಎರಡು ಇರುತ್ತವೆ. ಪ್ರತಿ ತುದಿಯಿಂದ ಉದ್ದದ ನೂರಕ್ಕೆ 22.4 ಪಾಲಿನಷ್ಟು ಒಳಗೆ. ಪಟ್ಟಿಯನ್ನು ಅಲ್ಲಿ ಹಿಡಿದರೆ ಮಾತ್ರ ನಾದ ಉಳಿಯುತ್ತದೆ. ಬೇರೆ ಎಲ್ಲಿ ಹಿಡಿದರೂ ಹಿಡಿದ ಕೈಯೇ ಕಂಪನವನ್ನು ನುಂಗುತ್ತದೆ. ಸ್ಕ್ರೂ ತೂತು ಬರಬೇಕಾದದ್ದೂ ಅಲ್ಲೇ. ಜೈಲೋಫೋನಿನ ಮರದ ಚೌಕಟ್ಟು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು ಇರುವುದು ಚೆಂದಕ್ಕಲ್ಲ. ನಮ್ಮದರಲ್ಲಿ ಕೆಳಗಿನ ‘ಸ’ದ ಎರಡು ಗೆರೆಗಳ ನಡುವೆ ಸುಮಾರು 55 ಮಿ.ಮೀ., ಮೇಲಿನ ‘ಸ’ದಲ್ಲಿ 39. ಎರಡು ಮರದ ಪಟ್ಟಿಗಳು ಆ ಗೆರೆಗಳನ್ನೇ ಹಿಂಬಾಲಿಸುತ್ತವೆ.

ಲೆಕ್ಕ ಹಾಕಿ ಗುರುತು ಮಾಡಬಹುದಿತ್ತು. ಉಪ್ಪಿನಲ್ಲಿ ನೋಡಿದರೆ ಇನ್ನೂ ಚೆನ್ನ. ಪಾತ್ರೆ ತೊಳೆಯುವ ಹೊಸ ಸ್ಪಂಜನ್ನು ಎರಡು ತುಂಡು ಮಾಡಿ, ಅಂದಾಜಿನ ಜಾಗದಲ್ಲಿಟ್ಟು ಅದರ ಮೇಲೆ ಪಟ್ಟಿ ಮಲಗಿಸಿದೆ. ಮಗಳು ಮೇಲಿಂದ ಪುಡಿ ಉಪ್ಪು ಉದುರಿಸಿದಳು. ಪೆನ್ಸಿಲ್ ಹಿಂಬದಿಯ ರಬ್ಬರಿನಿಂದ ನಡುವೆ ಮೆಲ್ಲಗೆ ಟಪ್ ಟಪ್ ಅಂತ ಬಡಿಯುತ್ತಾ ಹೋದರೆ ಕಾಳುಗಳು ಕುಣಿಯುತ್ತಾ ಜರುಗುತ್ತವೆ. ಸ್ವಲ್ಪ ಹೊತ್ತಿಗೆ ಎರಡು ಅಡ್ಡ ಗೆರೆಗಳಾಗಿ ಕೂರುತ್ತವೆ. ತೆಳುವಾಗಿ, ಸಮನಾಗಿ ಉದುರಿಸಬೇಕು. ಜಾಸ್ತಿ ಹಾಕಿದರೆ ಒಂದರ ಮೇಲೊಂದು ಬಿದ್ದು ಅಲ್ಲೇ ಉಳಿಯುತ್ತವೆ. ಕಿಟಕಿಯ ಬೆಳಕು ಓರೆಯಾಗಿ ಬೀಳುತ್ತಿದ್ದರೆ ಗೆರೆ ಚೆನ್ನಾಗಿ ಕಾಣುತ್ತದೆ. ಆ ಹೊತ್ತಿನಲ್ಲಿ ಬಿಸಿಲು ಕಂತುವ ಮುಂಚಿನ ಬೆಳಕು ಹಾಗೇ ಇತ್ತು.

ಇದು ಹಳೆಯ ಪ್ರಯೋಗ. ಜರ್ಮನಿಯ ಅರ್ನ್ಸ್ಟ್ ಕ್ಲಾಡ್ನಿ ಎಂಬಾತ ಲೋಹ ಮತ್ತು ಗಾಜಿನ ತಟ್ಟೆಗಳ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಉಜ್ಜಿ ಬಂದ ಚಿತ್ರಗಳನ್ನು 1787ರಲ್ಲಿ ಪ್ರಕಟಿಸಿದ. ನಮ್ಮಲ್ಲಿ ಬಂದದ್ದು ಎರಡೇ ಗೆರೆ. ಆದರೂ ಮೊದಲ ಸಲ ನೋಡುವವರು ಬಾಯಿ ತೆರೆಯುತ್ತಾರೆ. ಅವಳು ತೆರೆದಳು. ಆಮೇಲೆ ‘ಉಪ್ಪು ಇಲ್ಲಿ ಮಲಗುತ್ತೆ’ ಅಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಆ ಗೆರೆಗೆ ಅದೇ ಹೆಸರು.

ಒಂದಕ್ಕೆ ನಿಲ್ಲಲಿಲ್ಲ. ಉಳಿದ ಏಳಕ್ಕೂ ಉಪ್ಪು ಮಲಗಿಸಬೇಕು ಅಂತ ಹಟ. ಒಳ್ಳೆಯದೇ ಆಯಿತು. ಎಲ್ಲದರಲ್ಲೂ ತೂತುಗಳು ಗೆರೆಯ ಮೇಲೇ ಇದ್ದವು. ಅಂದರೆ ‘ಗ’ ಮೂಕವಾಗಲು ತೂತು ಕಾರಣವಲ್ಲ ಎಂದು ಗೊತ್ತಾಯಿತು. ಅಷ್ಟು ಹೊತ್ತಿಗೆ ಮೇಜು, ನೆಲ, ಅವಳ ಮೊಣಕೈ ಎಲ್ಲ ಕಡೆ ಉಪ್ಪು. ದೊಡ್ಡ ತಟ್ಟೆಯೊಳಗೆ ಇಟ್ಟು ಮಾಡಿ, ಗುಡಿಸುವ ಕೆಲಸ ತಪ್ಪುತ್ತದೆ.

ಗುರುವಾರ: ಡ್ರಿಲ್, ಅರ, ಚಾಕ್‌ಪೀಸ್

ಕೊರೆಯುವ ಮೊದಲು ಎರಡೂ ತುದಿ ಸಮವಾಗಿ ಉಜ್ಜಿ ಉದ್ದವನ್ನು 82ಕ್ಕೆ ತಂದಿದ್ದೆ. ಗೆರೆ ತುದಿಯಿಂದ 18.4 ಮಿ.ಮೀ. ಒಳಗೆ ಬರಬೇಕು. ಉಪ್ಪು ತೋರಿಸಿದ್ದೂ ಅಲ್ಲೇ, ಕೂದಲೆಳೆ ಅತ್ತಿತ್ತ. ಸೆಂಟರ್ ಪಂಚ್‌ನಿಂದ ಚುಕ್ಕಿ ಕೊಟ್ಟು, ಪಟ್ಟಿಯನ್ನು ಮರದ ತುಂಡಿನ ಮೇಲೆ ಕ್ಲಾಂಪ್ ಮಾಡಿ, 3 ಮಿ.ಮೀ. ಬಿಟ್‌ನಿಂದ ಶುರುಮಾಡಿ 5ಕ್ಕೆ ದೊಡ್ಡದು ಮಾಡಿದೆ. ತೆಳು ತಗಡನ್ನು ಕೈಯಲ್ಲಿ ಹಿಡಿದು ಯಾರೂ ಕೊರೆಯಬೇಡಿ. ಬಿಟ್ ಆಚೆ ಹೊರಡುವ ಕ್ಷಣದಲ್ಲಿ ಕಚ್ಚಿಕೊಂಡು ಪಟ್ಟಿ ಗಿರಗಿರ ತಿರುಗುತ್ತದೆ. ಈ ಕೆಲಸ ಅವಳು ಅಪ್ಪನ ಜೊತೆ ಹೊರಗೆ ಹೋಗಿದ್ದಾಗ ಮುಗಿಸಿದೆ.

ಕೊರೆದ ಮೇಲೆ ಸ್ವರ ಕೆಲವು ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಳತೆ) ಇಳಿಯಿತು. ಇದು ಸಹಜ. ಆ ಗೆರೆ ಅಲುಗುವುದಿಲ್ಲ ನಿಜ, ಆದರೆ ಪಟ್ಟಿ ಅಲ್ಲಿಯೂ ಬಾಗುತ್ತದೆ. ತೂತು ಬಿದ್ದರೆ ಬಿಗಿ ಸ್ವಲ್ಪ ಕಡಿಮೆಯಾಗುತ್ತದೆ. ಅದಕ್ಕೇ ಕೊನೆಯ ಶ್ರುತಿ ಕೊರೆದ ಮೇಲೇ ಮಾಡಬೇಕು.

ಎಷ್ಟಕ್ಕೆ ಶ್ರುತಿ ಮಾಡುವುದು? ಫೋನಿನಲ್ಲಿ ಕಂಪನ ಅಳೆಯುವ ಟ್ಯೂನರ್ ಆ್ಯಪ್ ಹೇಳುವ ಪಿಯಾನೋ ಸ್ವರಕ್ಕಲ್ಲ. ಈ ಆಟಿಕೆಯ ಸ 1052 ಹರ್ಟ್ಸ್ ತೋರಿಸುತ್ತಿತ್ತು, ಪಿಯಾನೋದ ಲೆಕ್ಕಕ್ಕಿಂತ ಸ್ವಲ್ಪ ಮೇಲೆ. ‘ಪ’ಕ್ಕೆ ತನ್ನ ‘ಸ’ ಮುಖ್ಯ, ಆ್ಯಪ್ ಅಲ್ಲ. ‘ಸ’ಕ್ಕೂ ‘ಪ’ಕ್ಕೂ ಇರುವ ಸಂಬಂಧ ಎರಡಕ್ಕೆ ಮೂರು. 1052ರ ಒಂದೂವರೆ ಪಟ್ಟು 1578. ಗುರಿ ಅದು. ಆಗ ನಮ್ಮ ಪಟ್ಟಿ 1540ರ ಹತ್ತಿರ ಇತ್ತು.

ಆ್ಯಪ್ ಬಳಸುವವರಿಗೆ ಒಂದು ಎಚ್ಚರಿಕೆ. ಕೆಲವು ಸಲ ಅದು ಇದ್ದಕ್ಕಿದ್ದಂತೆ 4,000 ದಾಟಿದ ಅಂಕಿ ತೋರಿಸುತ್ತದೆ. ಪಟ್ಟಿ ಕೆಟ್ಟಿಲ್ಲ. ಇಂಥ ಪಟ್ಟಿಯಲ್ಲಿ ಮೂಲ ಸ್ವರದ ಜೊತೆಗೆ ಅದರ 2.76 ಪಟ್ಟು ಕಂಪನದ ಇನ್ನೊಂದು ಸ್ವರವೂ ಹುಟ್ಟುತ್ತದೆ. ಗಟ್ಟಿ ವಸ್ತುವಿನಿಂದ ಬಡಿದರೆ ಅದೇ ಜೋರು. ರಬ್ಬರಿನಿಂದ, ಸರಿಯಾಗಿ ನಡುವೆ ಬಡಿಯಿರಿ, ಅಂಕಿ ನೆಟ್ಟಗಾಗುತ್ತದೆ.

ಇನ್ನು ಅರ. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಅರದ ಹಲ್ಲುಗಳ ನಡುವೆ ಮೆತ್ತಿಕೊಳ್ಳುತ್ತದೆ. ಮೆತ್ತಿದ ಚೂರು ಪಟ್ಟಿಯ ಮೇಲೆ ಗೀರು ಎಳೆಯುತ್ತದೆ. ಮೊದಲೇ ಅರಕ್ಕೆ ಚಾಕ್‌ಪೀಸ್ ಉಜ್ಜಿಕೊಂಡರೆ ಅಷ್ಟಾಗಿ ಮೆತ್ತುವುದಿಲ್ಲ. ಚಾಕ್‌ಪೀಸ್ ಯಾರ ಹತ್ತಿರ ಇತ್ತು ಅಂತ ಹೇಳಬೇಕಿಲ್ಲ. ಗುಲಾಬಿ ಬಣ್ಣದ್ದು ಮಾತ್ರ ಕೊಡಲ್ಲ ಅಂದಳು. ನೀಲಿ ಕೊಟ್ಟಳು. ಅರದ ಮೇಲೆಲ್ಲ ನೀಲಿ ಬಳಿದು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೊಡವಿ, ಮತ್ತೆ ಬಳಿದು ಕೊಡುವುದು ಅವಳ ಕೆಲಸ. ಇದು ನಾಟಕದ ಕೆಲಸವಲ್ಲ, ಅವಳು ನಿಲ್ಲಿಸಿದರೆ ನನ್ನ ಅರ ನಿಲ್ಲುತ್ತಿತ್ತು.

ಉಜ್ಜುವುದು ಸ್ವಲ್ಪ, ಕೇಳುವುದು ಜಾಸ್ತಿ. ಹೀಗೆ ಸಾಗಿತು: ನಾನು ನಾಲ್ಕು ಸಲ ಅರ ಎಳೆಯುವುದು, ಪಟ್ಟಿಯನ್ನು ಸ್ಪಂಜಿನ ಮೇಲಿಡುವುದು, ಅವಳು ಸ ಬಡಿದು ಪ ಬಡಿಯುವುದು. ಉಜ್ಜಿದ ತಕ್ಷಣ ಪಟ್ಟಿ ಕೈಯ ಬಿಸಿಗೆ ಬೆಚ್ಚಗಿರುತ್ತದೆ, ಒಂದು ನಿಮಿಷ ಬಿಟ್ಟು ನೋಡಬೇಕು. ಮೊದಲು ಅವಳು ಪ್ರತಿ ಸಲವೂ ‘ಸರಿ ಇದೆ’ ಅನ್ನುತ್ತಿದ್ದಳು. ಮಕ್ಕಳಿಗೆ ಕೆಲಸ ಮುಗಿಸುವ ಆತುರ. ಆಮೇಲೆ ನಾನು ಪ್ರಶ್ನೆ ಬದಲಿಸಿದೆ. ‘ಸರಿ ಇದೆಯಾ?’ ಅನ್ನುವ ಬದಲು ‘ಇನ್ನೂ ಮೇಲೆ ಹೋಗಬೇಕಾ, ಕೆಳಗಾ?’ ಅಂದೆ. ಕೈ ಮೇಲೆತ್ತಿ ತೋರಿಸತೊಡಗಿದಳು. ಆ್ಯಪ್ ನೋಡಿದರೆ ಅವಳ ಕೈ ಬಹುಪಾಲು ಸರಿ ಇರುತ್ತಿತ್ತು.

1570 ಬಂದಾಗ ‘ನಾನೂ’ ಅಂದಳು. ಅರ ಕೊಟ್ಟೆ, ಹಿಡಿ ನಾನೂ ಹಿಡಿದುಕೊಂಡೆ. ಫೋನ್ ಬಂತು, ಬಿಟ್ಟು ಎದ್ದೆ. ವಾಪಸ್ ಬರುವಷ್ಟರಲ್ಲಿ ಅವಳು ಒಬ್ಬಳೇ ಉಜ್ಜುತ್ತಾ ಹಾಡು ಹೇಳುತ್ತಿದ್ದಳು. 1596.

ಗಾಬರಿ ಬೇಡ, ಇದಕ್ಕೂ ಮದ್ದಿದೆ. ತುದಿ ಉಜ್ಜಿದರೆ ಸ್ವರ ಏರುವ ಹಾಗೆ, ಹೊಟ್ಟೆಯ ಕೆಳಗೆ ಉಜ್ಜಿದರೆ ಇಳಿಯುತ್ತದೆ. ಪಟ್ಟಿ ಹೆಚ್ಚು ಬಾಗುವುದೇ ನಡುವೆ. ಅಲ್ಲಿ ತೆಳುವಾದರೆ ಬಿಗಿ ಕಡಿಮೆಯಾಗಿ ಕಂಪನ ನಿಧಾನವಾಗುತ್ತದೆ. ದೊಡ್ಡ ಜೈಲೋಫೋನುಗಳ ಮರದ ಪಟ್ಟಿಗಳಿಗೆ ಅಡಿಯಲ್ಲಿ ಕಮಾನು ಕೆತ್ತುವುದರಲ್ಲೂ ಇದೇ ಗುಟ್ಟಿದೆ. ಪಟ್ಟಿಯನ್ನು ಬೋರಲು ಹಾಕಿ, ನಡುವೆ ಅಡ್ಡಡ್ಡ ಅರ ಎಳೆದೆ. ಇಲ್ಲಿ ಪರಿಣಾಮ ಬೇಗ ಕಾಣುತ್ತದೆ, ಎರಡೆರಡೇ ಎಳೆತಕ್ಕೆ ನಿಲ್ಲಿಸಿ ನೋಡಬೇಕು. 1590, 1583, 1579. ಅಲ್ಲಿಗೆ ಅರ ಕೆಳಗಿಟ್ಟೆ.

ಸ ಮತ್ತು ಪ ಒಟ್ಟಿಗೆ ಬಡಿದಾಗ ಅವಳ ಕೈ ಮೇಲೂ ಹೋಗಲಿಲ್ಲ, ಕೆಳಗೂ ಹೋಗಲಿಲ್ಲ. ‘ಸಣಕಲಾದ್ರೂ ಹಾಡುತ್ತೆ’ ಅಂದಳು.

ಶುಕ್ರವಾರ: ಫೆಲ್ಟ್ ಮತ್ತು ಮೂಕ ‘ಗ’

ಬೆಕ್ಕಿನ ದಿನ. ಕ್ರಾಫ್ಟ್ ಫೆಲ್ಟ್ ಹಾಳೆಯಿಂದ ಸಣ್ಣ ಬಿಲ್ಲೆಗಳನ್ನು ಕತ್ತರಿಸಿದೆವು. ಅವಳ ಮೊಂಡು ಕತ್ತರಿಯಲ್ಲಿ ಬಿಲ್ಲೆಗಳು ಆಲೂಗಡ್ಡೆ ಆಕಾರ. ಪರವಾಗಿಲ್ಲ, ಪಟ್ಟಿಯ ಅಡಿಯಲ್ಲಿ ಕಾಣುವುದಿಲ್ಲ. ಹಳೆಯ ಅಂಟನ್ನು ಮರದಿಂದ ಕೆರೆದು ಹೊಸದನ್ನು ಕೂರಿಸಿದೆ.

‘ಗ’ದ ಕಥೆ ಸರಳ. ಅದರ ಕೆಳಗೆ ಫೆಲ್ಟ್ ಪೂರ್ತಿ ಹೋಗಿ ಪಟ್ಟಿ ನೇರ ಮರದ ಮೇಲೆ ಕೂತಿತ್ತು, ಜೊತೆಗೆ ಸ್ಕ್ರೂ ಕೊನೆಯವರೆಗೂ ಬಿಗಿದಿತ್ತು. ಜೈಲೋಫೋನಿನ ಸ್ಕ್ರೂ ಪಟ್ಟಿಯನ್ನು ಹಿಡಿಯಲು ಅಲ್ಲ, ಬೀಳದಂತೆ ಕಾಯಲು. 5 ಮಿ.ಮೀ. ತೂತಿಗೆ 3 ಮಿ.ಮೀ. ಸ್ಕ್ರೂ, ತಲೆಯ ಕೆಳಗೆ ಕಾಗದ ತೂರುವಷ್ಟು ಸಂದು. ಸಡಿಲ ಬಿಟ್ಟರೆ ಲೋಹಕ್ಕೆ ಲೋಹ ತಾಗಿ ಜಿರ್ ಅನ್ನುತ್ತದೆ, ಅದಕ್ಕೆ ವೈರಿನ ಪ್ಲಾಸ್ಟಿಕ್ ಸಿಪ್ಪೆ ಬಿಡಿಸಿ ಸ್ಕ್ರೂಗೆ ಅಂಗಿ ತೊಡಿಸಿದೆ. ಗ ಬಾಯಿ ಬಿಟ್ಟಿತು.

ಮನೆಯಲ್ಲಿ ತೆವಳುವ ಮಗು ಇದ್ದರೆ ಈ ಸ್ಕ್ರೂ, ಬಿಲ್ಲೆಗಳನ್ನೆಲ್ಲ ಮುಚ್ಚಳದ ಡಬ್ಬಿಯಲ್ಲೇ ಇಟ್ಟುಕೊಳ್ಳಿ. ನೆಲಕ್ಕೆ ಬಿದ್ದದ್ದು ನೇರ ಬಾಯಿಗೆ ಹೋಗುತ್ತದೆ.

ಆಮೇಲೆ ಸ್ಟಿಕ್ಕರ್ ಜಗಳ. ಉಳಿದ ಪಟ್ಟಿಗಳಿಗೆಲ್ಲ ಬಣ್ಣ ಇದೆ, ಪ ಬೆತ್ತಲೆ. ಬಣ್ಣದ ಬದಲು ಸ್ಟಿಕ್ಕರ್ ಹಾಕೋಣ ಅಂತ ಒಪ್ಪಂದವಾಯಿತು. ಉಬ್ಬಿದ, ಮೆತ್ತಗಿನ ಡೈನೋಸಾರ್ ಸ್ಟಿಕ್ಕರ್ ತಂದು ಸರಿಯಾಗಿ ನಡುವೆ ಅಂಟಿಸಿದಳು. ಸ್ವರ ಇಳಿಯಿತು, ನಾದವೂ ಮೊಟಕಾಯಿತು. ಯಾಕೆ ಅಂತ ನಾನು ವಿವರಿಸಲು ಹೋದರೆ ಅಳು ಬಂತು. ಡೈನೋಸಾರ್‌ಗೆ ಜಾಗ ಇಲ್ಲವೇ? ಕೊನೆಗೆ ಅವಳೇ ಕೇಳಿದಳು, ಉಪ್ಪು ಮಲಗುವ ಜಾಗದಲ್ಲಿ ಡೈನೋಸಾರ್ ಮಲಗಬಹುದಾ ಅಂತ. ಮಲಗಬಹುದು! ಅಲುಗದ ಜಾಗದಲ್ಲಿ ತೂಕ ಇದ್ದರೆ ಸ್ವರಕ್ಕೆ ಹೆಚ್ಚು ತೊಂದರೆಯಿಲ್ಲ. ತೂತಿನ ಪಕ್ಕದಲ್ಲಿ, ಗೆರೆಯ ಮೇಲೆ, ಬಾಲ ಸ್ವಲ್ಪ ಕತ್ತರಿಸಿ ಅಂಟಿಸಿದೆವು. ಆ್ಯಪ್ 1577 ತೋರಿಸಿತು. ಬೇಕಾದಷ್ಟಾಯಿತು.

ಶನಿವಾರ: ಕೋಲು

ಮಳೆ ಬಿಟ್ಟಿತ್ತು. ಕೋಲು ಹುಡುಕಲು ಹೊರಟೆವು. ಉದುರಿದ ಕಡ್ಡಿಗಳಲ್ಲಿ ನೆಟ್ಟಗಿರುವುದು ಸಿಗುವುದು ಕಷ್ಟ. ಅವಳು ಆರಿಸಿದ್ದೆಲ್ಲ ಕವಲಿನವು, ‘ಇದು ಜಿಂಕೆ’, ‘ಇದು ವೈ’. ನಾನು ಸುಮಾರು ಒಂದು ಗೇಣುದ್ದ, ಪೆನ್ಸಿಲ್ ದಪ್ಪದ ಎರಡನ್ನು ಆರಿಸಿದೆ. ಮೆಲ್ಲಗೆ ಬಾಗಿಸಿದರೂ ಮುರಿಯುವುದು ಕೊಳೆತಿರಬಹುದು, ತೊಗಟೆ ಜಾರುವುದು ಹಸಿ ಇರಬಹುದು. ಎರಡೂ ಬೇಡ. ಜೇಬು ತುಂಬಾ ಎಲೆ, ಬೀಜ, ಒಂದು ಬಸವನ ಹುಳದ ಖಾಲಿ ಚಿಪ್ಪು ಮನೆಗೆ ಬಂತು. ಅವುಗಳಿಗೂ ಜೈಲೋಫೋನಿಗೂ ಸಂಬಂಧವಿಲ್ಲ, ಆದರೆ ಊಟದ ಮೇಜು ಇನ್ನೂ ಖಾಲಿಯಾಗಿಲ್ಲ.

ಒಂದು ಕಡ್ಡಿಯ ತುದಿಗೆ ಮರದ ಮಣಿ ಅಂಟಿಸಿದೆ. ಇನ್ನೊಂದಕ್ಕೆ ರಬ್ಬರ್ ಬ್ಯಾಂಡ್‌ಗಳನ್ನು ಬಿಗಿಯಾಗಿ ಸುತ್ತಿ ಉಂಡೆ ಮಾಡಿದೆವು. ಸುತ್ತಿದ್ದು ಅವಳೇ. ಮರದ ತಲೆ ಬಡಿದರೆ ಚುರುಕು, ಕಿರಚುವ ಸದ್ದು. ರಬ್ಬರ್ ತಲೆ ಬಡಿದರೆ ದುಂಡು ಸದ್ದು, ಆ 2.76ರ ಮೇಲಿನ ಸ್ವರ ಬಹಳಷ್ಟು ಅಡಗುತ್ತದೆ. ಅವಳಿಗೆ ಕಿರಚುವುದೇ ಇಷ್ಟ. ಅಪ್ಪನಿಗೆ ಇನ್ನೊಂದು. ಮೀಟಿಂಗ್ ಇದ್ದಾಗ ರಬ್ಬರ್ ಕೋಲು ಎಂಬ ಕಾನೂನು ಫ್ರಿಡ್ಜಿನ ಚೀಟಿಗೆ ಸೇರಿತು.

ಎಲ್ಲ ಜೋಡಿಸಿ ನುಡಿಸಿದಾಗ ಒಂದು ತಕರಾರು ಬಂತು. ಪ ಬಂತು, ಸರಿ, ‘ಟಕ್’ ಎಲ್ಲಿ ಹೋಯಿತು? ಅವಳ ಹಾಡಿಗೆ ಎರಡೂ ಬೇಕಂತೆ. ಚೌಕಟ್ಟಿನ ಅಗಲದ ತುದಿಗೆ ಒಂದು ಮರದ ತುಂಡನ್ನು ಸ್ಕ್ರೂ ಹಾಕಿ ಕೂರಿಸಿದೆ. ಈಗ ಇದು ಎಂಟು ಸ್ವರ ಮತ್ತು ಒಂದು ಟಕ್ ಇರುವ ವಾದ್ಯ.

ಕೊನೆಗೊಂದು ಹೆಚ್ಚುವರಿ: ಕೊಳವೆ

ಇದು ರಿಪೇರಿಯಲ್ಲ, ರಜೆ ಉಳಿದಿತ್ತು ಅಷ್ಟೇ. ಪಟ್ಟಿಯ ಕೆಳಗೆ ಒಂದು ತುದಿ ಮುಚ್ಚಿದ ಕೊಳವೆ ಹಿಡಿದರೆ, ಅದರ ಉದ್ದ ಸರಿಯಾಗಿದ್ದಾಗ ಸದ್ದು ತಟ್ಟನೆ ದೊಡ್ಡದಾಗುತ್ತದೆ. ಒಳಗಿನ ಗಾಳಿಯೂ ಅದೇ ಸ್ವರಕ್ಕೆ ದನಿಗೂಡಿಸುತ್ತದೆ. ಕೊಳವೆಯ ಉದ್ದ ಆ ಸ್ವರದ ಶಬ್ದದ ಅಲೆಯ ಕಾಲು ಭಾಗ ಇರಬೇಕು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ 343 ಮೀಟರ್ ಅಂತ ಹಿಡಿದರೆ ‘ಪ’ಕ್ಕೆ 54 ಮಿ.ಮೀ. ತೆರೆದ ತುದಿಯಿಂದ ಗಾಳಿ ಸ್ವಲ್ಪ ಆಚೆಗೂ ಕಂಪಿಸುವುದರಿಂದ, 25 ಮಿ.ಮೀ. ಅಗಲದ ಕೊಳವೆಗೆ ಅದರಲ್ಲಿ ಏಳೆಂಟು ಮಿ.ಮೀ. ಕಳೆಯಬೇಕು.

ದಪ್ಪ ಕಾಗದ ಸುತ್ತಿ ಕೊಳವೆ ಮಾಡಿದೆವು, ಒಳಗೆ ಜರುಗುವ ಹಾಗೆ ಬೆಂಡಿನ ಬಿರಡೆ. ನಾನು ಬಡಿಯುತ್ತಾ ಹೋದೆ, ಅವಳು ಬಿರಡೆಯನ್ನು ಪೆನ್ಸಿಲ್‌ನಿಂದ ಮೆಲ್ಲಗೆ ತಳ್ಳುತ್ತಾ ಹೋದಳು. ‘ಈಗ!’ ಅಂದ ಕಡೆ ಅಳೆದರೆ 47. ನನಗೂ ಸ್ವಲ್ಪ ಮೈ ಜುಮ್ಮೆಂದಿತು. ಸದ್ದು ಜೋರಾಗುತ್ತದೆ, ಆದರೆ ಬೇಗ ಆರುತ್ತದೆ, ಪಟ್ಟಿಯ ಶಕ್ತಿ ಗಾಳಿಗೆ ಬೇಗ ಖರ್ಚಾಗುವುದರಿಂದ. ‘ಸ’ಕ್ಕೂ ಒಂದು ಮಾಡಿದೆವು, ಅದಕ್ಕೆ ಒಳಗಿನ ಉದ್ದ 74 ಬಂತು. ಉಳಿದ ಆರಕ್ಕೆ ನನಗೆ ತಾಳ್ಮೆ ಇಲ್ಲ. ಚೌಕಟ್ಟನ್ನು ಎರಡು ಪೆಟ್ಟಿಗೆಗಳ ಮೇಲೆ ಎತ್ತರಿಸಿದ್ದರಿಂದ ಕೊಳವೆಗಳು ಕೆಳಗೆ ಹಿಡಿಸಿದವು.

ಬಾಕಿ ಕೆಲಸ: ನಿ ಸ್ವಲ್ಪ ತಗ್ಗಿದೆ, ಯಾವಾಗಲೂ ಹಾಗೇ ಇತ್ತಂತೆ, ಮುಟ್ಟಬೇಡ ಅಂತ ಆಜ್ಞೆ. ಅಲ್ಯೂಮಿನಿಯಂ ಪಟ್ಟಿ ಇನ್ನೂ ಒಂದು ಮೊಳ ಉಳಿದಿದೆ, ಅದನ್ನು ನೋಡಿ ಮೇಲಿನ ರಿ ಕೇಳಿದ್ದಾಳೆ. ‘ರಿ’ಯ 94ನ್ನು ಎರಡರ ವರ್ಗಮೂಲದಿಂದ ಭಾಗಿಸಿದರೆ 66.5. ಉಜ್ಜಲು ಒಂದೂವರೆ ಸೇರಿಸಿ 68ಕ್ಕೆ ಗುರುತು ಹಾಕಿಟ್ಟಿದ್ದೇನೆ. ಚೌಕಟ್ಟಿನ ಕಿರಿದಾದ ತುದಿಯಲ್ಲಿ ಜಾಗ ಇಲ್ಲ, ಎರಡು ಮರದ ತುಂಡು ಸೇರಿಸಿ ಉದ್ದ ಮಾಡಬೇಕು. ಅದು ಡ್ರಿಲ್ ಚೀಟಿಯ ಕೆಲಸ, ಅಪ್ಪನ ಕ್ಯಾಲೆಂಡರ್ ನೋಡಬೇಕು.